ಬಲಗೈಯ ವಾಚು

ಸ್ನೇಹಿತರೇ, ಇವತ್ತು ವಿಜಯನಗರದ ಒಂದು ವಾಚ್ ಅಂಗಡಿಯಲ್ಲಿ ಸೋತು ಬಂದೆ.

ವಾಚಿನ ವಿಷಯದಲ್ಲಿ ನನ್ನ ಹಟ ನಿಮಗೆ ಗೊತ್ತೇ ಇದೆ. ಬಿಳಿ ಡಯಲ್, ಚರ್ಮದ ಪಟ್ಟಿ, ಕಟ್ಟುವುದು ಬಲಗೈಗೆ. ಬ್ಯಾಟರಿಯ ವಾಚನ್ನು ಮನೆಯೊಳಗೆ ಸೇರಿಸಿದವನಲ್ಲ. ಕೈ ಆಡಿದರೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ಕೇ ಆಗಬೇಕು.

"ಈಗ ಕಟ್ಟಿರೋದೂ ಆಟೋಮ್ಯಾಟಿಕ್ಕೇ ಅಲ್ವಾ ಅಂಕಲ್?" ಕೌಂಟರಿನ ಹುಡುಗಿ ಕೇಳಿದಳು.

"ಕೆಟ್ಟೋಗಿದೆ ಕಣಮ್ಮ. ಈಚೆಗೆ ನಿಂತ್ ನಿಂತ್ ಹೋಗುತ್ತೆ."

ಅವಳು ಅದನ್ನು ಇಸಿದುಕೊಂಡು ನಾಲ್ಕು ಸಲ ಅಲ್ಲಾಡಿಸಿದಳು. ಮುಳ್ಳು ಓಡತೊಡಗಿತು.

"ಚೆನ್ನಾಗೇ ಇದೆಯಲ್ಲ! ದಿನಾ ಏನ್ ಮಾಡ್ತೀರಾ ಅಂಕಲ್?"

"ಕಾಲೇಜಲ್ಲಿ ಗಣಿತ ಹೇಳ್ಕೊಡ್ತಿದ್ದೆ. ರಿಟೈರ್ ಆಯ್ತು. ಈಗ ಪೇಪರ್ ಓದ್ತೀನಿ."

ದಿನವಿಡೀ ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ಈಗ ಕುರ್ಚಿಯ ತೋಳಿನ ಮೇಲೆ ಬಿದ್ದಿರುತ್ತದೆ. ಇಷ್ಟು ವಾಚು ಕೂಡಿಟ್ಟವನಿಗೆ ಅದು ಹೊಳೆಯದೆ ಇರಲಿಲ್ಲ. ವಾಚೇ ಕೆಟ್ಟಿದೆ ಎಂದುಕೊಂಡರೆ ನೆಮ್ಮದಿಯಾಗಿತ್ತು, ಅಷ್ಟೆ.

"ಹಾಗಾದ್ರೆ ನಿಮಗೆ ಬ್ಯಾಟರಿದೇ ಒಳ್ಳೇದು ಅಂಕಲ್," ಎಂದಳು, ಪಾಪ, ನನ್ನ ಒಳ್ಳೆಯದಕ್ಕೇ.

ಅದನ್ನೇ ಕೊಂಡುಬಂದೆ. ನನ್ನ ಕೈ ಆಡಲಿ, ಬಿಡಲಿ, ಅದರ ಪಾಡಿಗೆ ಅದು ನಡೆಯುತ್ತಿದೆ. ನಮ್ಮ ಕಾಲೇಜಿನ ಹಾಗೆ.