ಗಾಳಿ ಮೇಸ್ತ್ರಿಯ ಊದಿನಕಡ್ಡಿ

ಅವರ ಬಲಗೈಯ ನಡುಬೆರಳಿನ ಬದಿಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಸುಟ್ಟ ಕಲೆಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕಂದು. ಮೊದಲ ಸಲ ನೋಡಿದಾಗ ಬೀಡಿ ಸುಟ್ಟ ಗುರುತು ಎಂದುಕೊಂಡೆ. ಅವರು ಬೀಡಿ ಮುಟ್ಟುತ್ತಿರಲಿಲ್ಲ. ಮ್ಯಾಟಿನಿ ಶುರುವಾಗುವ ಮುಂಚೆ ಒಂದು ಸಲ, ಇಂಟರ್‌ವೆಲ್ಲಿನಲ್ಲಿ ಒಂದು ಸಲ, ಊದಿನಕಡ್ಡಿ ಹಚ್ಚಿಕೊಂಡು ಟಾಕೀಸಿನ ನಾಲ್ಕು ಗೋಡೆಗಳ ಉದ್ದಕ್ಕೂ ನಡೆಯುತ್ತಿದ್ದರು. ಹೊಗೆ ಯಾವ ಕಡೆ ಬಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ನೋಡುತ್ತಿದ್ದರು. ನೋಡುವುದರಲ್ಲಿ ಎಷ್ಟು ಮುಳುಗುತ್ತಿದ್ದರೆಂದರೆ, ಕಡ್ಡಿ ಮುಗಿದದ್ದು ಬೆರಳು ಸುಟ್ಟಾಗಲೇ ಅವರಿಗೆ ಗೊತ್ತಾಗುತ್ತಿತ್ತು.

ಅದು ಎಪ್ಪತ್ತರ ದಶಕದ ನಡುಭಾಗ. ಮದ್ದೂರಿನ ಆ ಟಾಕೀಸಿಗೆ ನಾನು ಎಲೆಕ್ಟ್ರಿಕ್ ಸೂಪರ್‌ವೈಸರ್ ಆಗಿ ಸೇರಿದ್ದೆ. ಡಿಪ್ಲೊಮಾ ಮಾಡಿದ್ದೆ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ; ದಿನವೂ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದೆ. ಟಾಕೀಸಿನಲ್ಲಿ ಗಾಳಿಯ ಕಷ್ಟವಿತ್ತು. ತಗಡಿನ ಚಾವಣಿ, ನೂರಾರು ಜನ, ಅರ್ಧಕ್ಕರ್ಧ ಜನರ ಬಾಯಲ್ಲಿ ಬೀಡಿ. ಹೊರಗೆ ಗಾಡಿ ಓಡಾಡುವ ಮಣ್ಣಿನ ದಾರಿ. ಆಚೆಗೆ ಎರಡು ರೈಸ್‌ಮಿಲ್ಲು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಹೊಗೆ. ಹೊಗೆ ಎಳೆದು ಹೊರಗೆ ಹಾಕುವ ಆರು ಫ್ಯಾನುಗಳಿದ್ದವು, ಆದರೆ ಆ ಕಾಲದಲ್ಲಿ ಕರೆಂಟಿನದೇ ಬರ. ಬಳಕೆ ಕಡಿಮೆ ಮಾಡಿ ಎಂದು ಮೇಲಿನಿಂದ ಕಾಗದದ ಮೇಲೆ ಕಾಗದ ಬರುತ್ತಿತ್ತು. ಈ ತೊಡಕನ್ನು ಬಿಡಿಸಲಿಕ್ಕೆಂದೇ ಟಾಕೀಸಿನ ಸಾಹುಕಾರರು ನನ್ನನ್ನು ಕರೆದಿದ್ದರು. ನಾನು ಲೆಕ್ಕ ಹಾಕಿ, ನೀಲಿ ಶಾಯಿಯಲ್ಲಿ ನಕ್ಷೆ ಬರೆದು, ಇನ್ನೂ ಎರಡು ಫ್ಯಾನು ಬೇಕೆಂದು ತೋರಿಸಿದೆ.

ಸಾಹುಕಾರರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮೇಸ್ತ್ರಿನೂ ಒಂದು ಮಾತು ಕೇಳಿಬಿಡಿ’ ಎಂದರು.

ಮೇಸ್ತ್ರಿ ಎಂದರೆ ಇವರು. ಮಳವಳ್ಳಿ ಕಡೆಯ ಪೂರಿಗಾಲಿಯವರು. ಬಹಳ ವರ್ಷ ರೈಸ್‌ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು, ಅಲ್ಲಿಂದ ಬಿಟ್ಟು ಟಾಕೀಸಿಗೆ ಬಂದಿದ್ದರು. ಐವತ್ತೈದರ ಆಸುಪಾಸು. ಸಣಕಲು ಮೈ, ಎರಡು ಗುಂಡಿ ಇಲ್ಲದ ಖಾಕಿ ಅಂಗಿ. ಓದು ಮೂರನೆಯ ಕ್ಲಾಸು. ಅವರು ನನ್ನ ನಕ್ಷೆಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

‘ಫ್ಯಾನು ಎಚ್ಚಿಸೋದು ಬ್ಯಾಡ ಬುಡಿ. ಎರಡೇ ಸಾಕು’ ಎಂದರು.

‘ಎರಡೇ?’ ಎಂದು ನಾನು ನಕ್ಕೆ.

‘ಕೊಕ್ಕರೆ ಬೆಳ್ಳೂರಿಗೆ ಓಗಿದೀರಾ? ಬಿಸಿಲೇರಿದ ಮ್ಯಾಕೆ ಆ ಕೊಕ್ಕರೆಗಳ್ನ ನೋಡಿ. ಆಕಾಸ್ದಲ್ಲಿ ರೆಕ್ಕೆ ಬಿಚ್ಕಂಡು ಸುಮ್ಕಿರ್ತವೆ, ಒಂದ್ಸಲನೂ ಬಡಿಯಾಕಿಲ್ಲ. ಬಿಸಿ ಗಾಳಿ ಎತ್ಕಂಡು ಓಯ್ತದೆ. ಐನೂರು ಜನ ಕುಂತ್ರೆ ಅದೇ ಒಂದು ಒಲೆ ಇದ್ದಂಗೆ. ಬಿಸಿ ತಾನೇ ಮ್ಯಾಕ್ಕೋಯ್ತದೆ, ದಾರಿ ಬುಟ್ರೆ ಆಯ್ತು. ಕೆಳಗ್ಲಿಂದ ತಣ್ಣಗಿರೋ ಗಾಳಿ ಒಳೀಕೆ ಬರ್ಬೇಕು, ಅಷ್ಟೆಯ.’

ಆ ಕೊಕ್ಕರೆಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಬಿಸಿಗಾಳಿ ಮೇಲೇರುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಎರಡನ್ನೂ ಸೇರಿಸಿ ನೋಡಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಹೊತ್ತಿನಲ್ಲಿ ಎಂದು ಈಗ ಖಚಿತವಾಗಿ ಹೇಳಬಲ್ಲೆ.

ಸಾಹುಕಾರರು ಅವರ ಮಾತಿಗೇ ಒಪ್ಪಿದರು. ಮೇಸ್ತ್ರಿ ಚಾವಣಿಯ ನೆತ್ತಿಯ ಉದ್ದಕ್ಕೂ ತಗಡು ಎತ್ತಿಸಿ ಸಂದು ಬಿಡಿಸಿದರು. ಬಡಗಣ ಗೋಡೆಯ ಬುಡದಲ್ಲಿ ಆರು ಗಿಡ್ಡ ಕಿಟಕಿ ಒಡೆಸಿದರು. ಪ್ರತಿ ಕಿಟಕಿಗೂ ಬಿದಿರಿನ ಚೌಕಟ್ಟು. ಅದರಲ್ಲಿ ಎರಡು ಪದರ ಗೋಣಿತಾಟು, ನಡುವೆ ತೆಂಗಿನ ನಾರು. ಅದರ ಮೇಲೆ, ತಳಕ್ಕೆ ತೂತು ಹಾಕಿದ ಗಡಿಗೆ. ಗಡಿಗೆಯ ನೀರು ತೊಟ್ಟಿಕ್ಕಿ ತಾಟು ಸದಾ ಒದ್ದೆ. ಹೊರಗಿನ ಧೂಳು ತಾಟಿಗೆ ಅಂಟಿ, ಒಳಕ್ಕೆ ತಂಪು ಗಾಳಿ ಮಾತ್ರ ಬರುತ್ತಿತ್ತು. ದಿನಾ ಬೆಳಿಗ್ಗೆ ತಾಟು ಬಿಚ್ಚಿ ತೊಟ್ಟಿಯಲ್ಲಿ ಅಲುಬುತ್ತಿದ್ದರು. ಒಮ್ಮೆ ಆ ನೀರನ್ನು ಬಕೆಟ್ಟಿನಲ್ಲಿ ತಂದು ಸಾಹುಕಾರರ ಮೇಜಿನ ಪಕ್ಕ ಇಟ್ಟರು. ರಾಗಿ ಅಂಬಲಿಯಷ್ಟು ಮಂದವಾಗಿತ್ತು.

‘ನೋಡಿ ಯಜಮಾನ್ರೆ. ನೆನ್ನೆ ಸಿನಿಮಾ ನೋಡ್ದೋರ ಎದೆಗೆ ಓಗ್ಬೇಕಾಗಿದ್ದ ಮಣ್ಣು ಇದು.’

ಸಾಹುಕಾರರು ಎದ್ದು ನಿಂತರು. ಒಬ್ಬ ಕೂಲಿಯಾಳಿನ ಎದುರು ಅವರು ಎದ್ದು ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನ್ನೆದುರು ಎಂದೂ ನಿಲ್ಲಲಿಲ್ಲ. ಅಂದಿನಿಂದ ಮೇಸ್ತ್ರಿಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ. ನನಗೆ ಎಂದಿನ ಗಾಜಿನ ಲೋಟ. ಇಂಥ ಸಣ್ಣ ಸಂಗತಿಗಳನ್ನು ನಾನು ಮರೆತಿಲ್ಲ, ಮರೆಯದ್ದಕ್ಕೆ ನಾಚಿಕೆಯಿದೆ.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅವರ ಇನ್ನೊಂದು ಗುಣ. ಅವರು ಪ್ರತಿ ಮ್ಯಾಟಿನಿಯಲ್ಲೂ ಒಳಗೆ ಹೋಗಿ ಕೂರುತ್ತಿದ್ದರು, ಅದೂ ಗಾಳಿ ತೀರಾ ಕೆಟ್ಟಿರುವ ಮೂಲೆಯ ಬೆಂಚಿನಲ್ಲಿ. ತೆರೆಯ ಕಡೆ ನೋಡುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಎದ್ದು ಬಂದು ‘ಕೆಡ್ತಾ ಅದೆ, ಇನ್ನೊಂದು ಫ್ಯಾನು ಬುಡಿ’ ಎನ್ನುವರು. ನನಗೆ ಏನೂ ಅನ್ನಿಸಿರುತ್ತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಜನ ಆಕಳಿಸಲು, ಸೆರಗಿನಲ್ಲಿ ಬೀಸಿಕೊಳ್ಳಲು ಶುರುಮಾಡುತ್ತಿದ್ದರು. ಅವರು ಹೇಳಿದ್ದು ಒಮ್ಮೆಯೂ ತಪ್ಪಲಿಲ್ಲ. ನನ್ನ ಮೂಗು, ನನ್ನ ಡಿಪ್ಲೊಮಾ, ಎರಡಕ್ಕೂ ಎಟುಕದ್ದು ಅವರಿಗೆ ಹೇಗೋ ತಿಳಿಯುತ್ತಿತ್ತು. ಹುಟ್ಟಿನಿಂದ ಬಂದ ವರ ಎಂದುಕೊಂಡೆ. ಅದು ನನಗೆ ಬೇಕಿತ್ತು.

ಗೇಟಿನವನು ಬೇರೆ ರೇಗಿಸುತ್ತಿದ್ದ. ‘ಏನ್ ಇಂಜಿನೇರ್ರೇ, ಗೋಣಿತಾಟು ಕಟ್ಟಾದು ನಿಮ್ ಕಾಲೇಜಲ್ಲಿ ಏಳ್ಕೊಡ್ನಿಲ್ವಾ?’

ಆ ಬೇಸಗೆಯಲ್ಲಿ ಮೇಸ್ತ್ರಿಯ ಅಕ್ಕ ತೀರಿಕೊಂಡರು. ಎರಡು ದಿನ ರಜೆ ಹಾಕಿ ಪೂರಿಗಾಲಿಗೆ ಹೊರಟ ಅವರು ನನ್ನನ್ನು ಕರೆದು, ‘ಗಡಿಗೆಗೆ ನೀರು ತಪ್ಪಿಸ್ಬ್ಯಾಡಿ ಸ್ವಾಮಿ. ನಾಡಿದ್ದು ಮದ್ಯಾನ್ನದ ಬಸ್ಸಿಗೆ ಬತ್ತೀನಿ’ ಎಂದರು.

ಅವರ ಬಸ್ಸು ಹೋದ ಮೇಲೆ ನಾನು ಮಾಡಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಆರು ತಾಟುಗಳನ್ನೂ ಬಿಚ್ಚಿದೆ. ಆರು ಕಿಟಕಿಗಳಿಗೂ ಹಲಗೆ ಹೊಡೆಸಿದೆ, ಚಾವಣಿಯ ಸಂದನ್ನೂ ತಗಡಿನಿಂದ ಮುಚ್ಚಿಸಿದೆ. ಆರು ಫ್ಯಾನುಗಳನ್ನೂ ಹಾಕಿಸಿದೆ. ಧೂಳು ಪೂರಾ ನಿಲ್ಲುತ್ತದೆ, ಹೊಗೆಯನ್ನು ಫ್ಯಾನು ಎಳೆಯುತ್ತದೆ, ಎರಡು ದಿನ ನೋಡಿ ಎಂದು ಸಾಹುಕಾರರಿಗೆ ಹೇಳಿದೆ. ಅವರು ‘ಹೂಂ’ ಎಂದರು. ಮೊದಲನೆಯ ದಿನ ಏನೂ ಆಗಲಿಲ್ಲ. ಗೇಟಿನವನೂ ರೇಗಿಸಲಿಲ್ಲ. ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಹಾಡು ಗುನುಗಿದ್ದು ನೆನಪಿದೆ.

ಎರಡನೆಯ ದಿನದ ಮ್ಯಾಟಿನಿಯಲ್ಲಿ ಕರೆಂಟು ಹೋಯಿತು. ಡೀಸಲ್ ಎಂಜಿನ್ ಹಚ್ಚಿಸಿದೆ. ಎಂಜಿನ್ ಕೋಣೆ ಪಡುವಣ ಗೋಡೆಗೆ ಅಂಟಿಕೊಂಡಿತ್ತು, ಗೋಡೆಯ ಈಚೆಗೇ ಹೆಂಗಸರ ಬೆಂಚುಗಳು. ನಡುವೆ ಒಂದು ಹಳೆಯ ಬಾಗಿಲು, ಸುತ್ತ ಬೆರಳು ತೂರುವಷ್ಟು ಸಂದು. ಎಂಜಿನ್ನಿನ ಹೊಗೆಕೊಳವೆಯ ಬೆಸುಗೆ ಒಂದು ಕಡೆ ಬಿಟ್ಟಿತ್ತು. ಅದು ನನಗೆ ಗೊತ್ತಿತ್ತು. ಮೇಸ್ತ್ರಿಯ ಕಿಟಕಿಗಳು ತೆರೆದಿದ್ದಾಗ ಅದರಿಂದ ತೊಂದರೆ ಇರಲಿಲ್ಲ. ಫ್ಯಾನುಗಳಿಗೆ ಬೇಕಾದ ಗಾಳಿ ಕಿಟಕಿಯಿಂದ ಬರುತ್ತಿತ್ತು. ಈಗ ಆರು ಫ್ಯಾನು ಹೊರಕ್ಕೆ ಎಳೆಯುತ್ತಿದ್ದವು, ಒಳಕ್ಕೆ ಬರಲು ದಾರಿಯಿಲ್ಲ. ಅವು ಆ ಬಾಗಿಲಿನ ಸಂದಿನಿಂದ ಎಂಜಿನ್ ಕೋಣೆಯ ವಿಷದ ಹೊಗೆಯನ್ನೇ ಎಳೆದವು. ಎಳೆಯುವ ಗಾಳಿ ಎಲ್ಲಿಂದಲಾದರೂ ಬರಲೇಬೇಕು ಎಂಬುದನ್ನು ಮರೆಯಲು ಡಿಪ್ಲೊಮಾದ ಜೊತೆಗೆ ಹೊಟ್ಟೆಕಿಚ್ಚೂ ಬೇಕು.

ನಾನು ಸ್ವಿಚ್‌ಬೋರ್ಡಿನ ಹತ್ತಿರ ನಿಂತಿದ್ದೆ. ಬೀಡಿಯ ಘಾಟಿನಲ್ಲಿ ಬೇರೆ ಏನೂ ತಿಳಿಯುತ್ತಿರಲಿಲ್ಲ. ಆಗ ಮೇಸ್ತ್ರಿ ಬಸ್ಸಿಳಿದು, ಕೈಚೀಲವನ್ನೂ ಇಡದೆ ಕಪ್ಪು ಪರದೆ ಸರಿಸಿ ಒಳಗೆ ಬಂದರು. ಒಂದು ಉಸಿರು ಎಳೆದರು. ಎದೆ ಹಿಡಿದುಕೊಂಡರು. ಜೇಬಿನಿಂದ ಊದಿನಕಡ್ಡಿ ತೆಗೆದು ಹಚ್ಚಿದರು. ಹೊಗೆಯ ಎಳೆ ಹೆಂಗಸರ ಬೆಂಚಿನ ಕಡೆಯಿಂದ ನಮ್ಮತ್ತ ನೆಟ್ಟಗೆ ಮಲಗಿತು.

‘ಬಾಗ್ಲು ತೆಗೀರ್ಲಾ!’ ಎಂದು ಕೂಗಿದರು. ‘ಎಲ್ಲಾ ಬಾಗ್ಲೂ ತೆಗೀರಿ! ಏಳ್ರಮ್ಮ, ಏಳ್ರೀ, ಈಚೀಕೆ ಬರ್ರಿ!’

ದೀಪ ಹಾಕಿದಾಗ ಕಂಡದ್ದು ಇಂದಿಗೂ ಕಣ್ಣಿನಲ್ಲಿದೆ. ಬೆಂಚಿನ ಕೊನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ತಲೆ ಒರಗಿಸಿ ಕೂತಿದ್ದಳು, ನಿದ್ದೆ ಬಂದವಳಂತೆ. ಮಡಿಲಿನ ಮಗುವಿನ ಕೈ ಜೋತುಬಿದ್ದಿತ್ತು. ಪಕ್ಕದಾಕೆ ‘ಏಳು ಕಣಮ್ಮ, ಏ ಏಳೇ’ ಎಂದು ಅಲುಗಿಸುತ್ತಿದ್ದಳು. ಎಂಜಿನ್ನಿನವನು ಟೀಗೆ ಹೋಗಿದ್ದ. ಎಂಜಿನ್ ನಿಲ್ಲಿಸುವ ಹಿಡಿಕೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆ ಕೋಣೆ ನನ್ನಿಂದ ಹದಿನೈದು ಹೆಜ್ಜೆ. ನಾನು ಹೋಗಲಿಲ್ಲ. ಮೇಸ್ತ್ರಿ ನನ್ನನ್ನು ದಾಟಿ ಒಳಗೆ ಹೋದರು. ಎಂಜಿನ್ ನಿಂತಿತು. ಅವರು ಹೊರಗೆ ಬರಲಿಲ್ಲ. ಗೇಟಿನವನು ನುಗ್ಗಿ ರಟ್ಟೆ ಹಿಡಿದು ಎಳೆದು ತಂದ.

ಹೆಂಗಸು, ಮಗು ಇಬ್ಬರೂ ಬೇವಿನ ಮರದ ಕೆಳಗೆ ಚೇತರಿಸಿಕೊಂಡರು. ಮಗು ಅತ್ತಾಗ ಸುತ್ತ ನಿಂತಿದ್ದವರೆಲ್ಲ ನಕ್ಕರು. ಮೇಸ್ತ್ರಿಯ ಕೆಮ್ಮು ಮಾತ್ರ ನಿಲ್ಲಲಿಲ್ಲ. ಕಿಟಕಿಗಳಿಗೆ ಹಲಗೆ ಹೊಡೆದದ್ದನ್ನು ನೋಡಿ ಸಾಹುಕಾರರು ನನ್ನತ್ತ ತಿರುಗಿದರು. ಕೆಲಸ ಹೋಯಿತು ಎಂದುಕೊಂಡೆ. ಹೋಗಲೇಬೇಕಿತ್ತು.

ಮೇಸ್ತ್ರಿ ಕೆಮ್ಮಿನ ನಡುವೆಯೇ ಹೇಳಿದರು: ‘ಓಗ್ಲಿ ಬುಡಿ ಯಜಮಾನ್ರೆ. ಅವ್ರು ಓದ್ಕಂಡವ್ರೆ, ಒಳಗೆ ಕುಂತಿಲ್ಲ. ನಾಳೆಯಿಂದ ನನ್ ಜತೇಲಿ ಕುಂತ್ಕತಾರೆ.’

ಕ್ಷಮಿಸಿದ್ದಕ್ಕೂ ನನಗೆ ಅವರ ಮೇಲೆ ಅಸೂಯೆಯಾಯಿತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಬಿಡುತ್ತಿರಲಿಲ್ಲ.

ಮಾರನೆಯ ದಿನದಿಂದ ಮೂಲೆಯ ಬೆಂಚಿನಲ್ಲಿ ಅವರ ಪಕ್ಕ ಕೂತೆ. ಒಂದೇ ಸಿನಿಮಾವನ್ನು ಎಷ್ಟು ಸಲ ನೋಡಿದೆನೋ. ಬೆನ್ನಿಗೆ ಬೆವರು, ಕಣ್ಣಿಗೆ ಹೊಗೆ, ಪಕ್ಕದವನ ಉಸಿರು. ಗಾಳಿಯ ಲೆಕ್ಕ ಹಾಕಿದ್ದ ನಾನು ಆ ಗಾಳಿಯನ್ನು ಕುಡಿದಿರಲಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಒಂದು ದಿನ ಎಂದಿನಂತೆ ಅವರು ‘ಕೆಡ್ತಾ ಅದೆ’ ಎಂದರು. ನನಗೆ ಎಂದಿನಂತೆ ಏನೂ ಅನ್ನಿಸಲಿಲ್ಲ. ತಡೆಯಲಾರದೆ ಕೇಳಿದೆ: ‘ನಿಮಗೆ ಹೇಗೆ ತಿಳಿಯುತ್ತೆ? ಅದೊಂದು ಹೇಳಿಕೊಡಿ.’

ಅವರು ನನ್ನ ಕೈಯನ್ನು ತೆಗೆದುಕೊಂಡು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಖಾಕಿ ಅಂಗಿಯ ಕೆಳಗೆ ಏನೋ ಗರಗರ ಎನ್ನುತ್ತಿತ್ತು, ಒಣ ಎಲೆಯ ಮೇಲೆ ನಡೆದ ಹಾಗೆ.

‘ಇಪ್ಪತ್ತು ವರ್ಸ ಮಿಲ್ನಲ್ಲಿ ತೌಡಿನ ಧೂಳು ಕುಡ್ದಿದೀನಿ. ಅರ್ಧ ಮುಚ್ಚೋಗ್ಬುಟ್ಟದೆ ಇದು. ನಿಮ್ಗೆ ಗಳಿಗೆ ಕಳ್ದು ಗೊತ್ತಾಗಾದು ನಂಗೆ ಆಗ್ಲೇ ಚುಚ್ತದೆ.’ ಆಮೇಲೆ ಮೆಲ್ಲಗೆ ನಕ್ಕರು. ‘ಇದಕ್ಕಾ ಸ್ವಾಮಿ ನೀವು ಒಟ್ಟೆ ಉರ್ಕೊಂಡಿದ್ದು?’

ಅವರಿಗೆ ಎಲ್ಲ ಗೊತ್ತಿತ್ತು. ನಾನು ಕೈ ತೆಗೆಯಲು ಹೋದೆ, ಅವರು ಬಿಡಲಿಲ್ಲ.

‘ಹಾಗಾದರೆ ಊದಿನಕಡ್ಡಿ ಯಾಕೆ?’ ಎಂದು ಕೇಳಿದೆ.

‘ನನ್ ಎದೆ ಊರೋರ್ಗೆ ಕಾಣಾಕಿಲ್ವಲ್ಲ. ಹೊಗೆ ಕಾಣ್ತದೆ.’

ಮಳೆಗಾಲ ಕಳೆಯುವಷ್ಟರಲ್ಲಿ ಅವರು ಟಾಕೀಸಿಗೆ ಬರುವುದು ನಿಂತಿತು. ಸುಗ್ಗಿ ಬಂತು, ಮಿಲ್ಲುಗಳು ಬಿಡುವಿಲ್ಲದೆ ಓಡಿದವು, ಮದ್ದೂರಿನಲ್ಲಿ ಅವರ ಮನೆಯಿದ್ದ ಬೀದಿಯಲ್ಲೂ ಹೊಟ್ಟಿನ ಧೂಳು ತೇಲುತ್ತಿತ್ತು. ನಾನೇ ಬಿದಿರು ಸೀಳಿ, ಗೋಣಿತಾಟು ಹೊಲಿದು, ಅವರ ಮನೆಯ ಒಂದೇ ಕಿಟಕಿಯ ಅಳತೆಗೆ ಚೌಕಟ್ಟು ಮಾಡಿ ಹೊತ್ತುಕೊಂಡು ಹೋದೆ. ಅವರು ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಚೌಕಟ್ಟು ಕೂರಿಸಿದೆ, ನೀರು ಹನಿಸಿದೆ. ಊದಿನಕಡ್ಡಿ ಹಚ್ಚಿ ಕಿಟಕಿಯ ಸುತ್ತ ಹಿಡಿದೆ. ಅವರು ಮಂಚದಿಂದಲೇ ನೋಡುತ್ತಿದ್ದರು.

‘ಎಡಗಡೆ ಕೆಳಗ್ಲ ಮೂಲೆ’ ಎಂದರು. ‘ಸಡ್ಲ ಅದೆ.’

ಹೌದು, ಅಲ್ಲಿ ಹೊಗೆ ನಡುಗುತ್ತಿತ್ತು. ಬಟ್ಟೆ ತುರುಕಿ ಬಿಗಿ ಮಾಡಿದೆ. ಅವರು ಒಂದು ಉಸಿರು ಎಳೆದು, ಬಿಟ್ಟು, ‘ಈಗ ಪರವಾಗಿಲ್ಲ’ ಎಂದರು. ನನ್ನ ಕೆಲಸಕ್ಕೆ ಅವರಿಂದ ಸಿಕ್ಕ ಒಪ್ಪಿಗೆ ಅದೊಂದೇ. ಅದೇ ವಾರ ತೀರಿಕೊಂಡರು. ಅಂದಿನ ಮ್ಯಾಟಿನಿಯನ್ನು ಸಾಹುಕಾರರು ನಿಲ್ಲಿಸಿದರು. ಟಾಕೀಸಿನವರೆಲ್ಲ ಹೋದೆವು. ಆ ಬೇಸಗೆಯ ಹೆಂಗಸೂ ಮಗುವನ್ನು ಎತ್ತಿಕೊಂಡು ಬಂದಿದ್ದಳು. ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂಬ ಯೋಚನೆ ಆಗಲೂ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಬಹಳ ಕಟ್ಟಡಗಳ ಗಾಳಿ ನೋಡಿದ್ದೇನೆ: ಬ್ಯಾಂಕು, ಹೋಟೆಲು, ಬಟ್ಟೆ ಅಂಗಡಿ, ಮಂಡ್ಯದ ಇನ್ನೆರಡು ಟಾಕೀಸು. ಎಲ್ಲ ಕಡೆಯೂ ಮೊದಲು ಮೂಲೆಯ ಆಸನ ಹುಡುಕಿ ಕೂರುತ್ತೇನೆ. ಒಳಗಿನ ಗಾಳಿ ಕೆಟ್ಟಿದೆಯೇ ಎಂದು ಯಾರಾದರೂ ಕೇಳಿದರೆ ಕೂಡಲೇ ಉತ್ತರ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಜೇಬಿಗೆ ಕೈ ಹಾಕಿ ಊದಿನಕಡ್ಡಿ ಹುಡುಕುತ್ತೇನೆ. ನನ್ನ ಎದೆ ಗಟ್ಟಿಯಾಗಿದೆ, ಚುಚ್ಚುವುದಿಲ್ಲ.