ಎಲ್ಲಿ ಇಳಿಯುತ್ತೀರಿ

ನಮ್ಮ ಕಡೆಯ ಲೋಕಲ್ ರೈಲುಗಾಡಿಗಳಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಹೆಸರಿನದ್ದೂ ಅಲ್ಲ, ಊರಿನದ್ದೂ ಅಲ್ಲ. ‘ಎಲ್ಲಿ ಇಳಿಯುತ್ತೀರಿ’ ಎಂಬುದು. ಹಿಂದಿಯಲ್ಲಿ ಕೇಳಿದರೂ, ಮರಾಠಿಯಲ್ಲಿ ಕೇಳಿದರೂ, ಬರಿದೇ ಹುಬ್ಬೆತ್ತಿ ಕೇಳಿದರೂ ಅದರ ತಾತ್ಪರ್ಯ ಒಂದೇ: ನೀವು ಎದ್ದ ಮೇಲೆ ಈ ಜಾಗ ನನ್ನದು. ಕೂತವನ ಕುಲ ಗುಣ ಗೋತ್ರಗಳಲ್ಲಿ ಯಾರಿಗೂ ಕಿಂಚಿತ್ತೂ ಆಸಕ್ತಿಯಿಲ್ಲ, ಅವನ ನಿರ್ಗಮನದಲ್ಲಿ ಮಾತ್ರ ಎಲ್ಲರಿಗೂ ಅಪಾರ ಶ್ರದ್ಧೆ. ಡೊಂಬಿವಲಿಯಲ್ಲಿ ಗಾಡಿ ಹತ್ತಲು ಶುರುಮಾಡಿದ ಹೊಸತರಲ್ಲಿ ಈ ಪ್ರಶ್ನೆ ನನಗೆ ಅಸಭ್ಯವೆನಿಸುತ್ತಿತ್ತು. ತಲೆ ನರೆತು, ನಿವೃತ್ತಿ ಕಣ್ಣಳತೆಯ ದೂರಕ್ಕೆ ಬಂದಿರುವ ಈಗ, ಇದಕ್ಕಿಂತ ಪ್ರಾಮಾಣಿಕವಾದ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿಲ್ಲವೆಂದು ತೋರುತ್ತದೆ.

ಈ ಗಾಡಿಗಳಿಗೆ ತಮ್ಮದೇ ಆದ ಧರ್ಮಶಾಸ್ತ್ರವಿದೆ. ಮೂವರಿಗೆಂದು ಮಾಡಿದ ಬೆಂಚಿನಲ್ಲಿ ನಾಲ್ಕನೆಯವನಿಗೂ ಒಂದಿಷ್ಟು ಅಂಚು ಬಿಟ್ಟುಕೊಡಬೇಕು. ಅವನು ಅರ್ಧ ದೇಹವನ್ನು ಬೆಂಚಿಗೂ ಉಳಿದರ್ಧವನ್ನು ವಾಯುದೇವನಿಗೂ ಒಪ್ಪಿಸಿ ಕೂರುತ್ತಾನೆ. ದಿನವೂ ಒಂದೇ ಡಬ್ಬಿಯಲ್ಲಿ ಓಡಾಡುವ ಗುಂಪಿನವರಲ್ಲಿ, ಕಲ್ಯಾಣದಿಂದ ಕೂತು ಬಂದವನು ಥಾಣೆ ಬರುತ್ತಲೇ ಎದ್ದು, ಅಲ್ಲಿಯವರೆಗೆ ನಿಂತು ಬಂದವನಿಗೆ ಜಾಗ ಕೊಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಮುರಿದವನೊಡನೆ ಮಾರನೆಯ ದಿನ ಯಾರೂ ಮಾತನಾಡುವುದಿಲ್ಲ, ಅಷ್ಟೇ. ನಮ್ಮ ಕಚೇರಿ ಥಾಣೆಯಿಂದಲೂ ಬಹಳ ಮುಂದೆ, ಫೋರ್ಟಿನಲ್ಲಿದ್ದ ದೀರ್ಘಕಾಲ ನಾನು ಈ ಧರ್ಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಅದರ ಫಲವಾಗಿ ನನಗೊಂದು ವಿದ್ಯೆಯೂ ಒಲಿಯಿತು: ಬೆನ್ನು ನೆಟ್ಟಗಿಟ್ಟು, ಪಕ್ಕದವನ ಹೆಗಲಿಗೆ ತಲೆ ವಾಲಿಸದೆ, ಬಾಯಿ ತೆರೆಯದೆ, ಗೊರಕೆ ಹೊಡೆಯದೆ ನಿದ್ರಿಸುವುದು, ಮತ್ತು ಇಳಿಯುವ ಸ್ಟೇಷನ್ನಿಗೆ ಸ್ವಲ್ಪ ಮೊದಲು ತಾನಾಗಿಯೇ ಕಣ್ಣು ಬಿಡುವುದು. ಕಚೇರಿ ರಬಾಳೆಗೆ ಸ್ಥಳಾಂತರಗೊಂಡು, ಥಾಣೆಯಲ್ಲಿ ಇಳಿದು ಗಾಡಿ ಬದಲಿಸುವ ಕಷ್ಟ ಬಂದ ಮೇಲೂ ಈ ವಿದ್ಯೆ ನನ್ನನ್ನು ಬಿಟ್ಟುಹೋಗಲಿಲ್ಲ. ಅದು ನನ್ನನ್ನು ಎಲ್ಲಿಗೆ ಒಯ್ದಿತೆಂಬುದೇ ಈಗ ಹೇಳಹೊರಟಿರುವ ವಿಷಯ.

ಮೊದಲು ಮನೆಯ ಸಂಗತಿ ಹೇಳಬೇಕು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ, ಕಾರ್ಖಾನೆಗಳ ಗಾಳಿ ತಪ್ಪದೆ ತಲುಪುವಷ್ಟು ದೂರದಲ್ಲಿ ನಮ್ಮ ಮನೆ. ಅದರಲ್ಲಿ ನಾನು, ಹೆಂಡತಿ ವಾರಿಜ ಮತ್ತು ನನ್ನ ಅಪ್ಪಯ್ಯ. ಅಪ್ಪಯ್ಯ ಉಡುಪಿ ಕಡೆಯಿಂದ ಬಂದು ಕಲ್ಯಾಣ ಸ್ಟೇಷನ್ನಿನ ಬಳಿ ಆಯುಷ್ಯವಿಡೀ ಸಸ್ಯಾಹಾರಿ ಹೋಟೆಲು ನಡೆಸಿದವರು. ಹೋಟೆಲು ಮುಚ್ಚಿ ಎಷ್ಟೋ ಕಾಲವಾಗಿದೆ, ಆದರೆ ಅವರ ನೆನಪಿನಲ್ಲಿ ಈಗ ಉಳಿದಿರುವುದು ಅದೊಂದೇ. ಬೆಳಕು ಹರಿಯುವ ಮೊದಲೇ ಎದ್ದು ಶಟರ್ ಎತ್ತಬೇಕೆಂದು ಬಾಗಿಲ ಚಿಲಕ ಎಳೆಯುತ್ತಾರೆ. ಮಧ್ಯಾಹ್ನ ಗಿರಾಕಿಗಳು ಕಾಯುತ್ತಿದ್ದಾರೆಂದು ಗ್ಯಾಸಿನ ಒಲೆ ತಿರುಗಿಸುತ್ತಾರೆ. ಸಂಜೆ ಹಿಟ್ಟು ರುಬ್ಬಿ ಆಗಿಲ್ಲವೆಂದು ವಾರಿಜಳನ್ನು ಗದರುತ್ತಾರೆ, ಅದೂ ಎಂದೋ ಕೆಲಸ ಬಿಟ್ಟುಹೋದ ಅಡುಗೆಭಟ್ಟರ ಹೆಸರಿನಿಂದ. ನಾನು ರಬಾಳೆಯಲ್ಲಿರುವಷ್ಟು ಹೊತ್ತೂ ಅವಳು ಅವರ ಹಿಂದೆ ಹಿಂದೆ. ಮಗಳು ಮದುವೆಯಾಗಿ ಕಾಮೋಠೆಯಲ್ಲಿ ಹಸುಗೂಸಿನೊಡನೆ ಇದ್ದಾಳೆ. ಅವಳಿಗೆ ಅವಳದೇ ನಿದ್ದೆಗೇಡು.

ಇಂಥ ದಿನಗಳಲ್ಲಿ ನೆರೆಯ ಭುಜಂಗಣ್ಣ ನನ್ನನ್ನು ಶನಿವಾರದ ಸತ್ಸಂಗಕ್ಕೆ ಕರೆದರು. ಬ್ಯಾಂಕಿನಿಂದ ನಿವೃತ್ತರಾದ ಅವರು, ಯಾವುದೋ ಕಾಲದಲ್ಲಿ ಈ ಜಿಲ್ಲೆಯ ಕಾಡಂಚಿನಲ್ಲಿ ಇದ್ದು ಹೋದ ಸಿದ್ಧಪುರುಷರೊಬ್ಬರ ಪರಂಪರೆಗೆ ಸೇರಿದವರು. ನಮ್ಮ ವಸತಿ ಸೊಸೈಟಿಯ ಸಣ್ಣ ಸಭಾಗೃಹದಲ್ಲಿ ವಾರಕ್ಕೊಮ್ಮೆ ಧ್ಯಾನ ನಡೆಸುತ್ತಿದ್ದರು. ಅವರ ಪರಂಪರೆ ಸಂಸಾರಿಗಳದ್ದು. ಮನೆ ಬಿಡಬೇಕಿಲ್ಲ, ಕಾವಿ ಬಟ್ಟೆ ಉಡಬೇಕಿಲ್ಲ, ಇದ್ದಲ್ಲೇ ಇದ್ದು ನಾಲ್ಕು ಅವಸ್ಥೆಗಳನ್ನು ದಾಟಬೇಕು. ತಾನು ಕಟ್ಟಿಗೆ ಸಿಕ್ಕಿದ್ದೇನೆಂಬುದೇ ಗೊತ್ತಿಲ್ಲದವನು ಬದ್ಧ. ಗೊತ್ತಾಗಿ, ಬಿಡುಗಡೆಗೆ ಹಂಬಲಿಸುವವನು ಮುಮುಕ್ಷು. ಹಂಬಲ ಬಿಟ್ಟು ಅಭ್ಯಾಸಕ್ಕೆ ಕೂತವನು ಸಾಧಕ. ಸಂದೇಹವೆಲ್ಲ ಕರಗಿ ಮತ್ತೆ ಎಲ್ಲರಂತೆಯೇ ಮನೆಯಲ್ಲಿ ಉಳಿದವನು ಸಿದ್ಧ. ಸಿದ್ಧನಿಗೆ ಹೊರಗೆ ಕಾಣುವ ಗುರುತೇ ಇರುವುದಿಲ್ಲವೆಂದೂ, ಮನೆಮಂದಿಗೆ ಅವನಿಂದ ಭಾರ ಹಗುರಾಗುವುದೇ ಇದ್ದರೆ ಒಂದು ಗುರುತೆಂದೂ ಭುಜಂಗಣ್ಣ ಹೇಳುತ್ತಿದ್ದರು. ಈ ಕೊನೆಯ ಮಾತನ್ನು ನಾನು ಆಗ ತಲೆದೂಗಿ ಕೇಳಿದ್ದೆ, ಕಿವಿಗೊಟ್ಟು ಕೇಳಿರಲಿಲ್ಲ.

ನನ್ನ ತಲೆಯಾದರೋ ಆ ನಾಲ್ಕನ್ನೂ ಕೂಡಲೇ ಸೆಕೆಂಡ್ ಕ್ಲಾಸ್ ಡಬ್ಬಿಗೆ ಹತ್ತಿಸಿತು. ಬಾಗಿಲಲ್ಲಿ ನಾಲ್ಕು ಕಡೆಯಿಂದ ಅಮುಕಿಸಿಕೊಂಡು, ಇದೇ ಪ್ರಪಂಚವೆಂದು ತಿಳಿದು ನಿಂತವನು ಬದ್ಧ. ಒಳಗೆ ನುಸುಳಿ ‘ಎಲ್ಲಿ ಇಳಿಯುತ್ತೀರಿ’ ಎಂದು ಒಬ್ಬೊಬ್ಬರನ್ನೂ ದೈನ್ಯದಿಂದ ಕೇಳುತ್ತ ಬರುವವನು ಮುಮುಕ್ಷು. ನಾಲ್ಕನೆಯ ಅಂಚಿನಲ್ಲಿ ಅರ್ಧಾಸನ ಸಂಪಾದಿಸಿದವನು ಸಾಧಕ. ಕಿಟಕಿಯ ಪಕ್ಕ ಗಾಳಿಗೆ ಮುಖವೊಡ್ಡಿ ಕೂತವನೇ ಸಿದ್ಧ. ಉಪಮೆ ನನಗೆ ಬಹಳ ಹಿಡಿಸಿತು. ಅದರಲ್ಲಿ ಒಂದು ತಪ್ಪಿತ್ತು, ಅದು ಗೊತ್ತಾಗಲು ಸಮಯ ಹಿಡಿಯಿತು.

ಮೊದಲ ಶನಿವಾರವೇ ಅನಾಹುತ ಸಂಭವಿಸಿತು. ಹಿಂದಿನ ಸಾಲಿನ ಚಾಪೆಯಲ್ಲಿ ಪದ್ಮಾಸನದ ದೂರದ ಬಂಧುವಿನಂತಿದ್ದ ಒಂದು ಭಂಗಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಫ್ಯಾನಿನ ಸದ್ದು ಗಾಡಿಯ ಸದ್ದಿನಂತೆಯೇ ಇತ್ತು. ವಾರದ ದಣಿವೆಲ್ಲ ಒಟ್ಟಿಗೆ ಬಂದು ಮೇಲೆ ಬಿತ್ತು. ಬೆನ್ನು ತನಗೆ ತಿಳಿದಿದ್ದ ಒಂದೇ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಸುತ್ತಲಿನವರು ಕೆಮ್ಮಿದರು, ಕಾಲು ಬದಲಿಸಿದರು, ಸೊಳ್ಳೆ ಹೊಡೆದುಕೊಂಡರು. ನಾನು ಮಾತ್ರ ಅಲ್ಲಾಡಲಿಲ್ಲವಂತೆ. ಭುಜಂಗಣ್ಣ ಧ್ಯಾನ ಮುಗಿಸುವ ಗಂಟೆಗೆ ಕೈ ಚಾಚುವ ಮುನ್ನವೇ, ಥಾಣೆ ಹತ್ತಿರವಾದಾಗಿನಂತೆ, ನನ್ನ ಕಣ್ಣು ತಾನಾಗಿ ತೆರೆಯಿತು. ಇಡೀ ಸಭೆ ನನ್ನನ್ನು ನೋಡುತ್ತಿತ್ತು.

ನಾನು ಮಾಡಿದ್ದು ನಿದ್ದೆಯೆಂದು ಅಲ್ಲೇ ಹೇಳಿದೆ. ಯಾರೂ ನಂಬಲಿಲ್ಲ. “ನಿದ್ದೆ ಮಾಡುವವರ ಕುತ್ತಿಗೆ ಹಾಗೆ ನಿಲ್ಲುದುಂಟಾ ಮಾರಾಯ್ರೆ? ಸಿದ್ಧರಾದವರು ಯಾವತ್ತೂ ಒಪ್ಪಿಕೊಳ್ಳುದಿಲ್ಲ,” ಎಂದರು ಭುಜಂಗಣ್ಣ. ಗುರುತಿಲ್ಲದಿರುವುದೇ ಗುರುತಾದ ಪರಂಪರೆಯಲ್ಲಿ ನಿರಾಕರಣೆಗಿಂತ ದೊಡ್ಡ ಪುರಾವೆ ಯಾವುದಿದೆ? ಮುಂದಿನ ಶನಿವಾರಗಳಲ್ಲಿ ನನ್ನ ಚಾಪೆ ಸಾಲು ಸಾಲಾಗಿ ಮುಂದೆ ಸರಿಯಿತು. ಕಾಮೋಠೆಯಿಂದ ಹೋಟೆಲು ಮ್ಯಾನೇಜರೊಬ್ಬರು ಬಸ್ಸು ಗಾಡಿ ಬದಲಿಸಿ ಬಂದು, ಒಳಗೆ ಏನು ಕಾಣುತ್ತದೆಂದು ವಿನಯದಿಂದ ಕೇಳಿದರು. ಏನೂ ಕಾಣುವುದಿಲ್ಲವೆಂದೆ. ಅವರ ಕಣ್ಣು ತುಂಬಿ ಬಂತು. ನನ್ನ ಮಗಳೊಬ್ಬಳಿಗೆ ಮಾತ್ರ ಸತ್ಯ ತಿಳಿದಿತ್ತು, ಕನ್ನಡದಲ್ಲಿ ನಾನು ಹೇಳಿದ್ದನ್ನೆಲ್ಲ ಫೋನಿನಲ್ಲಿ ಕೇಳಿ ಹಿಂದಿಯಲ್ಲಿ ತೀರ್ಪಿತ್ತಳು: “ಪಪ್ಪಾ, ವೋ ಸಮಾಧಿ ನಹೀಂ, ನೀಂದ್ ಹೈ.” ಅದು ಸಮಾಧಿಯಲ್ಲ, ಬರೀ ನಿದ್ದೆ.

ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ಕಾರಣ ಆಧ್ಯಾತ್ಮಿಕವಾಗಿರಲಿಲ್ಲ ಎಂದು ನಿಮ್ಮಲ್ಲಿ ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಡೀ ವಾರದಲ್ಲಿ ನನ್ನನ್ನು ಯಾರೂ ಕರೆಯದ, ಯಾರೂ ಎಬ್ಬಿಸದ ಹೊತ್ತು ಅದೊಂದೇ. ಮನೆಯಲ್ಲಿ ಮಲಗಿದರೆ ಅದು ಸೋಮಾರಿತನ, ಅಲ್ಲಿ ಕೂತರೆ ಸಾಧನೆ. ವಾರಿಜಳೂ ಅಡ್ಡಿ ಮಾಡಲಿಲ್ಲ. “ಅಲ್ಲಿಗೆ ಹೋಗಿ ಬಂದ ಮೇಲೆ ನಿಮ್ಮ ಮುಖ ಸ್ವಲ್ಪ ಮನುಷ್ಯರ ಹಾಗೆ ಇರ್ತದೆ. ಹೋಗಿ ಬನ್ನಿ,” ಎಂದಳು. ಅವಳ ಮುಖ ಹೇಗಿದೆಯೆಂದು ನಾನು ನೋಡಿದ ನೆನಪಿಲ್ಲ.

ಗುರುಪೂರ್ಣಿಮೆಯ ಸಂಜೆ ನನ್ನನ್ನು ಮುಂದಿನ ಸಾಲಿನಲ್ಲಿ, ಗುರುಗಳ ಪಟದ ಪಕ್ಕದಲ್ಲೇ ಕೂರಿಸಿ, ಸೇವಂತಿಗೆ ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟರು. ಒಳ್ಳೆಯ ನಿದ್ದೆಯೂ ಆಗಿತ್ತು. ಹಾರ ತೆಗೆಯದೆಯೇ ಮನೆಗೆ ಬಂದೆ. ವಾರಿಜಳಿಗೆ ತೋರಿಸಿ ನಗಿಸಬೇಕೆಂಬ ಚಪಲ. ಮೆಟ್ಟಿಲಲ್ಲೇ ಸುಟ್ಟ ವಾಸನೆ ಮೂಗಿಗೆ ಬಂತು, ಆದರೆ ನಮ್ಮ ಭಾಗದಲ್ಲಿ ಅಂಥ ವಾಸನೆಗಳೆಲ್ಲ ಕಾರ್ಖಾನೆಯವೇ ಎಂದು ತಿಳಿಯುವುದು ಅಭ್ಯಾಸ. ಬಾಗಿಲು ತೆರೆದೆ. ಅಪ್ಪಯ್ಯ ಕುರ್ಚಿಯಲ್ಲಿ ಕೂತು ಗೋಡೆಯ ಕಡೆಗೆ ಒಂದು ಸಾದಾ, ಒಂದು ಮಸಾಲೆ ಎಂದು ಆರ್ಡರು ಕೂಗುತ್ತಿದ್ದರು. ಅಡುಗೆಮನೆಯಲ್ಲಿ ಹೊಗೆ.

ವಾರಿಜ ಒಲೆಯ ಮುಂದೆ ನಿಂತಿದ್ದಳು. ಒಂದು ಕೈ ಕಟ್ಟೆಯ ಅಂಚಿನಲ್ಲಿ, ಇನ್ನೊಂದರಲ್ಲಿ ಸೌಟು. ಸಾರು ಬತ್ತಿ ಪಾತ್ರೆಯ ತಳ ಕೆಂಪಗೆ ಕಾದಿತ್ತು. ಸೆರಗಿನ ತುದಿ ಜಾರಿ ಉರಿಯ ಹತ್ತಿರವೇ ತೂಗುತ್ತಿತ್ತು. ಕಣ್ಣು ಮುಚ್ಚಿತ್ತು, ಉಸಿರು ನಿಧಾನವಾಗಿತ್ತು, ಬೆನ್ನು ನೆಟ್ಟಗಿತ್ತು, ಕುತ್ತಿಗೆ ಎಳ್ಳಷ್ಟೂ ವಾಲಿರಲಿಲ್ಲ. ಆ ಭಂಗಿಯ ಪರಿಚಯ ನನಗೆ ಚೆನ್ನಾಗಿ ಇತ್ತು.

ಸೆರಗನ್ನು ಎಳೆದು ಗ್ಯಾಸು ಆರಿಸಿದೆ. ಒಲೆಯ ಗುಂಡಿ ತಿರುಗಿದ ಸದ್ದಿಗೆ ಅವಳು ಕಣ್ಣು ಬಿಟ್ಟಳು. “ಅಪ್ಪಯ್ಯ ಬಿದ್ರಾ?” ಎಂಬುದು ಮೊದಲ ಮಾತು. ಎರಡನೆಯದು, “ನಾನು ನಿದ್ದೆ ಮಾಡ್ಲಿಲ್ಲ.” ಹಾಗೆಂದು ಬರಿಪಾತ್ರೆಯನ್ನು ಸೌಟಿನಿಂದ ಕಲಕಲು ಹೋದಳು. ತೆಂಗಿನಕಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಹಿಡಿದುಕೊಂಡೇ ನಿಂತೆ. ಇನ್ನೊಂದು ಸ್ವಲ್ಪ ಹೊತ್ತು ಪಟದ ಪಕ್ಕದಲ್ಲಿ ಕೂತಿದ್ದರೆ ಏನಾಗುತ್ತಿತ್ತೆಂಬುದನ್ನು ಇಂದಿಗೂ ಪೂರ್ತಿಯಾಗಿ ಯೋಚಿಸಲು ನನ್ನಿಂದ ಆಗುವುದಿಲ್ಲ.

ನನ್ನ ಉಪಮೆಯ ತಪ್ಪು ಆ ಅಡುಗೆಮನೆಯಲ್ಲಿ ಹೊಳೆಯಿತು. ಕಿಟಕಿಯ ಜಾಗ ಸಿಕ್ಕಿದವನಿಗೆ ಎಲ್ಲವೂ ಮುಗಿಯಿತೆಂದು ಬಗೆದಿದ್ದೆ. ಗಾಡಿಯ ಶಾಸ್ತ್ರದಲ್ಲಿ ಥಾಣೆಯಲ್ಲಿ ಎದ್ದು ಜಾಗ ಕೊಡುವ ವಿಧಿಯೊಂದಿದೆಯೆಂಬುದು, ಅದನ್ನು ಆಜನ್ಮ ಪಾಲಿಸಿದ ನನಗೇ ಮರೆತಿತ್ತು. ಗಾಡಿಯಲ್ಲಿ ಅಪರಿಚಿತರಿಗೆ ಎದ್ದು ಕೊಟ್ಟವನು, ಮನೆಯಲ್ಲಿ ಕಲ್ಯಾಣದಿಂದ ನಿಂತೇ ಬಂದವಳನ್ನು ಒಮ್ಮೆಯೂ ಹುಬ್ಬೆತ್ತಿ ನೋಡಿರಲಿಲ್ಲ.

ಮುಂದಿನ ಶನಿವಾರ ನನ್ನ ಚಾಪೆಯನ್ನು ಅವಳ ಕೈಗಿಟ್ಟೆ. “ನನಗೆಂತದು ಧ್ಯಾನ? ಅಪ್ಪಯ್ಯನನ್ನು ನೀವು ಸುಧಾರಿಸ್ತೀರಾ?” ಎಂದು ಅವಳು ಅನುಮಾನದಿಂದ ನೋಡಿದಳು. “ಥಾಣೆ ಬಂತು ಅಂತ ತಿಳಿದುಕೋ,” ಎಂದೆ. ಗಾಡಿಯ ಕಥೆಗಳನ್ನು ನನ್ನಿಂದ ಕೇಳಿ ಕೇಳಿ ಸಾಕಾದವಳು. ಮತ್ತೆ ಪ್ರಶ್ನೆ ಕೇಳದೆ ಚಪ್ಪಲಿ ಮೆಟ್ಟಿದಳು. ಒಬ್ಬರ ಆಸನದಲ್ಲಿ ಇನ್ನೊಬ್ಬರು ಕೂರುವಂತಿಲ್ಲವೆಂದು ಭುಜಂಗಣ್ಣ ಫೋನಿನಲ್ಲಿ ತಕರಾರು ತೆಗೆದರು. ಸಾಧನೆಯಲ್ಲಿ ಅವಳು ನನಗಿಂತ ಹಿರಿಯಳೆಂದೆ. ಸಿದ್ಧನ ವಿನಯವೆಂದು ತಿಳಿದು ಅವರು ಒಪ್ಪಿದರು.

ನನಗೆ ವಹಿಸಿದ ಹೊತ್ತು ಸುಲಭವಾಗಿರಲಿಲ್ಲ. ಅಪ್ಪಯ್ಯ ಬಾಗಿಲಿಗೆ ಹೋದರು, ಹಿಂದಕ್ಕೆ ಕರೆತಂದೆ, ಮತ್ತೆ ಹೋದರು. ಅಂಗಿಯ ಗುಂಡಿಗಳನ್ನು ಹಾಕಿಸಿದೆ, ಬಿಚ್ಚಿದರು. ಹಿಟ್ಟು ರುಬ್ಬಿ ಆಗಿದೆಯೆಂದು ಹೇಳಿ ಹೇಳಿ ನನ್ನ ಸ್ವರ ಏರಿತು, ಏರಿದ್ದಕ್ಕೆ ನನಗೇ ಹೇಸಿಗೆಯಾಯಿತು. ಇಡೀ ಸಭೆ ನಮಸ್ಕರಿಸಿದ್ದ ನನ್ನ ನಿಶ್ಚಲತೆ ಕಾಲುಗಂಟೆಯೂ ಬಾಳಲಿಲ್ಲ. ವಾರಿಜ ಇದನ್ನು ದಿನವಿಡೀ, ದಿನದಿನವೂ ಮಾಡುತ್ತಿದ್ದಳು. ವಾರಕ್ಕೊಮ್ಮೆ ಚಾಪೆ ಬಿಟ್ಟುಕೊಟ್ಟ ಮಾತ್ರಕ್ಕೆ ಅವಳ ದಣಿವು ತೀರುವುದಿಲ್ಲವೆಂದೂ, ಮುಂಜಾನೆಯ ಶಟರ್ ಎತ್ತುವ ಪಾಳಿ ಇನ್ನು ನನ್ನದೇ ಆಗಬೇಕೆಂದೂ ಆಗಲೇ ನಿಶ್ಚಯವಾಯಿತು.

ಅಷ್ಟರಲ್ಲಿ ಭುಜಂಗಣ್ಣನ ಫೋನು. ದನಿಯಲ್ಲಿ ಭಯಭಕ್ತಿ. “ಗಂಟೆ ಹೊಡೆದರೂ ಏಳ್ಲಿಲ್ಲ ಅವರು. ಆರತಿಯೂ ಆಯ್ತು, ಪ್ರಸಾದವೂ ಆಯ್ತು. ನೀವು ಕೂಡ ಗಂಟೆಗೆ ಮೊದಲು ಏಳ್ತಿದ್ರಿ. ಈಗ ನಾವು ಎಂತ ಮಾಡುದು?” ಒಂದು ಫ್ಯಾನು ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿ, ಬಾಗಿಲು ಸುಮ್ಮನೆ ಮುಂದೆ ಮಾಡಿ, ಅವಳಾಗಿ ಏಳುವವರೆಗೆ ಯಾರೂ ಮಾತನಾಡಿಸಬೇಡಿ ಎಂದೆ. ಹಾಗೇ ಮಾಡುತ್ತೇವೆಂದು ಅವರು ಪಿಸುಗುಟ್ಟಿದರು.

ಫೋನು ಇಟ್ಟು ತಿರುಗಿದರೆ ಅಪ್ಪಯ್ಯ ಮಂಚದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು, ಯಾರೋ ಸಹಪ್ರಯಾಣಿಕನನ್ನು ನೋಡುವಂತೆ. ನಾನು ನಿಂತೇ ಇರುವುದನ್ನು ಕಂಡು ಅವರಿಗೆ ಏನನ್ನಿಸಿತೋ, ಮೊಣಕಾಲು ಮಡಚಿ, ಗೋಡೆಯ ಕಡೆಗೆ ಸರಿದು, ಮಂಚದ ಅಂಚಿನಲ್ಲಿ ಒಂದಿಷ್ಟು ಜಾಗ ಮಾಡಿ ಅಂಗೈಯಿಂದ ತಟ್ಟಿದರು. ಅರ್ಧ ದೇಹವನ್ನು ಅಲ್ಲಿಟ್ಟು ಕೂತೆ.

“ಎಲ್ಲಿ ಇಳಿಯುದು ನೀವು?” ಎಂದು ಕೇಳಿದರು, ಮಗನನ್ನು.

“ನೀವು ಇಳಿಯುವಲ್ಲಿಯೇ,” ಎಂದೆ.

ಅಪ್ಪಯ್ಯ ಇನ್ನಷ್ಟು ಗೋಡೆಗೆ ಒತ್ತಿ ಕೂತು, “ಹಾಗಾದ್ರೆ ಸರಿಯಾಗಿ ಕೂತುಕೊಳ್ಳಿ,” ಎಂದರು. “ಇನ್ನೂ ತುಂಬ ದೂರ ಉಂಟು.”