ಮಾವ ಕಲಿಸಿದ ಗಂಟು

ಸುಟ್ಟ ಮೋಟಾರನ್ನು ಮೂಗಿನ ಹತ್ತಿರ ಹಿಡಿದು ಮೂಸುವುದು ತಂತಿಯಕ್ಕನ ಅಭ್ಯಾಸ. ಗಿರಾಕಿ ಏನೇ ಕಥೆ ಕಟ್ಟಲಿ, ಆಕೆ ಮೊದಲು ಮೂಸುತ್ತಿದ್ದಳು. ಆಮೇಲೆ "ನೀರಿಲ್ಲದೆ ಓಡಿಸಿದೀರಿ" ಎಂದೋ, "ಇದು ತಾನಾಗಿ ಸತ್ತಿಲ್ಲ, ಯಾರೋ ಬಿಚ್ಚಿ ಕೊಂದಿದಾರೆ" ಎಂದೋ ಹೇಳಿಬಿಡುತ್ತಿದ್ದಳು. ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಉದ್ದ ಮೇಜು, ಕೈಯಲ್ಲಿ ತಿರುಗಿಸುವ ಸುತ್ತುಯಂತ್ರ, ಗೋಡೆಯ ಮೊಳೆಗಳಿಗೆ ನೇತುಹಾಕಿದ ತಂತಿಯ ಉರುಳೆಗಳು. ಇಡೀ ಮನೆಗೆ ವಾರ್ನಿಷ್ ವಾಸನೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ತಲೆ ಸುತ್ತುತ್ತಿತ್ತು. ಈಗ ಬೇರೆಯವರ ಮನೆಗೆ ಹೋದರೆ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು.

ಅಂಗಡಿ ಮಾವನದು. ಮಗ ಕಲಿಯಲಿ ಎಂದು ಅವರು ಬಹಳ ಒದ್ದಾಡಿದ್ದರು. ಆದರೆ ಮಗನ ಚುರುಕೆಲ್ಲ ಬೆರಳಿಗೆ ಬರದೆ ನಾಲಿಗೆಗೆ ಹೋಗಿತ್ತು. ಪೇಪರು ಓದಿ ಬೀದಿಗೆಲ್ಲ ವಿವರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೊನೆಗೆ ಮಾವ ಸೊಸೆಯನ್ನು ಮೇಜಿನ ಮುಂದೆ ಕೂರಿಸಿದರು. "ಅಡುಗೆಮನೆಗೆ ನಿನ್ನ ಗಂಡ ಹೋಗಲಿ, ಅಲ್ಲಿ ಮಾತು ಕೇಳೋಕೆ ಪಾತ್ರೆಗಳಾದ್ರೂ ಇವೆ" ಅಂದರು.

ಅವರು ಕಲಿಸಿದ್ದರಲ್ಲಿ ಒಂದು ಗಂಟು ಇತ್ತು. ತಂತಿ ಸುತ್ತಿ ಮುಗಿದ ಮೇಲೆ ಅದರ ತುದಿಗಳನ್ನು ಗಾಜಿನ ಎಳೆಯ ದಾರದಿಂದ ಬಿಗಿಯಬೇಕು. ಆ ದಾರ ಬೆಂಕಿಗೆ ಬಗ್ಗುವುದಿಲ್ಲ. ಎಲ್ಲರೂ ಸಾದಾ ಗಂಟು ಹಾಕಿದರೆ, ಮಾವ ದಾರವನ್ನು ಎರಡು ಸಲ ಅಡಿಯಿಂದ ತೂರಿಸಿ, ಹಿಮ್ಮುಖವಾಗಿ ಎಳೆದು, ಮಲಗಿದ ಮೀನಿನಂತೆ ಕಾಣುವ ಚಪ್ಪಟೆ ಗಂಟು ಹಾಕುತ್ತಿದ್ದರು. ಅದಕ್ಕೆ ಕಾರಣವಿತ್ತು. ಬೇರೆ ಕಡೆ ಸುತ್ತಿಸಿದ ಮೋಟಾರು ಸುಟ್ಟಾಗ ಇವರ ಅಂಗಡಿಗೆ ತಂದು, "ನೀವೇ ಮಾಡಿದ್ದು, ಪುಕ್ಕಟೆ ಸರಿಮಾಡಿ" ಎಂದು ಜಗಳಕ್ಕೆ ನಿಲ್ಲುವವರಿದ್ದರು. ಮಾವ ಮೋಟಾರು ಬಿಚ್ಚಿ ತೋರಿಸುತ್ತಿದ್ದರು. "ನಮ್ಮದಾಗಿದ್ರೆ ಗಂಟೇ ಹೇಳುತ್ತೆ. ಗಂಟಿಲ್ಲ ಅಂದ್ರೆ ನಮ್ಮದಲ್ಲ."

ಮಾವ ಹೋದ ಮೇಲೆ ಆ ಗಂಟು ತಂತಿಯಕ್ಕನ ಕೈಗೆ ಬಂತು. ಅವಳಿಂದ ನಾದಿನಿಗೂ ಬಂತು. ನಾದಿನಿ ತನ್ನ ಗಂಡನನ್ನು ಬಿಟ್ಟು ತವರಿಗೆ ಮರಳಿದ್ದಳು. ಮೇಜಿನ ಇನ್ನೊಂದು ತುದಿಯಲ್ಲಿ ಕೂತು, ಅತ್ತಿಗೆಯ ಕೈ ನೋಡುತ್ತ ನೋಡುತ್ತ ತನ್ನ ಎಡಗೈಯಲ್ಲೇ ಕೆಲಸ ಕಲಿತಳು.

ಊರಿನ ಸೇತುವೆ ದಾಟಿದರೆ ಬೇರೆ ದೇಶ. ಆಚೆಯವರದು ಸಣ್ಣ ದೇಶ. ಜಗಳಗಂಟರ ದೇಶ ಎಂದು ಈಚೆಯವರು ನಗುತ್ತಿದ್ದರು. ಅಲ್ಲಿ ಚುನಾವಣೆ ಬಂದರೆ ಒಂದೇ ಮನೆಯ ಎರಡು ಕಿಟಕಿಗಳಲ್ಲಿ ಎರಡು ಪಕ್ಷದ ಬಾವುಟ ಹಾರುತ್ತಿದ್ದವು. ಗೆದ್ದವರನ್ನು ಮರುದಿನದಿಂದಲೇ ಬೈಯಲು ಶುರುಮಾಡಿ, ಮುಂದಿನ ಸಲ ಸಾಲಿನಲ್ಲಿ ನಿಂತು ಇಳಿಸುತ್ತಿದ್ದರು. ಅವರ ಮಗ್ಗುಲಿಗಿದ್ದ ದೊಡ್ಡ ದೇಶದಲ್ಲಿ ಬೈಯುವುದಿರಲಿ, ಜೋರಾಗಿ ಕೆಮ್ಮಲೂ ಜನ ಹೆದರುತ್ತಿದ್ದರು. ಆ ದೊಡ್ಡ ದೇಶ ಒಂದು ಬೆಳಗ್ಗೆ ಟ್ಯಾಂಕುಗಳನ್ನು ಹೊರಡಿಸಿಕೊಂಡು ಸಣ್ಣ ದೇಶದೊಳಕ್ಕೆ ನುಗ್ಗಿತು. ನಿಮ್ಮನ್ನು ನೀವೇ ಆಳಿಕೊಳ್ಳಲು ನಿಮಗೆ ಬರುವುದಿಲ್ಲ, ನಾವು ಸರಿಮಾಡುತ್ತೇವೆ ಎಂಬುದು ಅದರ ವಾದ.

ತಂತಿಯಕ್ಕನ ಗಂಡ ಪೇಪರು ಹಿಡಿದು ಇತಿಹಾಸ ಬಿಚ್ಚತೊಡಗಿದ. ಅವಳು ತಂತಿ ಸುತ್ತುತ್ತಲೇ ಹೇಳಿದಳು: "ಅವರ ಮನೆ ಜಗಳ ಅವರದು ಕಣ್ರೀ. ಬಾಗಿಲು ಒಡ್ಕೊಂಡು ಒಳಗೆ ಬಂದೋನು, ಪಂಚಾಯ್ತಿ ಮಾಡೋಕೆ ಬಂದೆ ಅಂದ್ರೆ ಅವನ ಮುಂದೆ ಚಾಪೆ ಹಾಸ್ತಾರಾ?"

ಚಳಿಗಾಲಕ್ಕೆ ಆಚೆಯ ವಿದ್ಯುತ್ ಕೇಂದ್ರಗಳ ಮೇಲೆ ಬಾಂಬು ಬಿದ್ದವು. ಆಸ್ಪತ್ರೆಗಳಿಗೆ ಜನರೇಟರು ಬೇಕಾದವು. ಊರಲ್ಲಿ ನೆರವಿನ ಸಮಿತಿಯಾಯಿತು. ಮೋಟಾರು, ಬಿಡಿಭಾಗಗಳ ದೊಡ್ಡ ವ್ಯಾಪಾರಿಯಾದ ಸಾಹುಕಾರರು ಅದರ ಅಧ್ಯಕ್ಷರಾದರು. ಜನ ಹಿತ್ತಲಲ್ಲಿ ತುಕ್ಕು ಹಿಡಿದಿದ್ದ ಜನರೇಟರುಗಳನ್ನೆಲ್ಲ ತಂದು ತಂತಿಯಕ್ಕನ ಬಾಗಿಲಲ್ಲಿ ಇಳಿಸಿದರು. ಅವಳು ಪುಕ್ಕಟೆ ಸುತ್ತಿಕೊಟ್ಟಳು. ವ್ಯಾನಣ್ಣ ಎಂದೇ ಹೆಸರಾದ ಮುದಿ ಡ್ರೈವರು ಅವನ್ನು ಸೇತುವೆ ದಾಟಿಸುತ್ತಿದ್ದ. ಅವಳ ಕೈಯಿಂದ ಹೋದ ಮೊದಲ ಜನರೇಟರು ಆಚೆಯ ಹೆರಿಗೆ ಆಸ್ಪತ್ರೆಯಲ್ಲಿ ದೀಪ ಹಚ್ಚಿತು. ಅಲ್ಲಿನ ಹಿರಿಯ ನರ್ಸು ಫೋನಿನಲ್ಲಿ ಅದರ ಗಡಗಡ ಸದ್ದು ಕೇಳಿಸಿದಳು. "ನಿಮ್ಮ ಮಗು ಅಳ್ತಿದೆ ನೋಡಿ" ಅಂದಳು. ತಂತಿಯಕ್ಕನಿಗೆ ಮಕ್ಕಳಿರಲಿಲ್ಲ. ಆ ಮಾತು ಅವಳ ಎದೆಯೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು.

ಪುಕ್ಕಟೆ ಕೆಲಸದಿಂದ ಒಲೆ ಉರಿಯುವುದಿಲ್ಲ. ಅದಕ್ಕೂ ಸಾಹುಕಾರರೇ ದಾರಿ ತೋರಿಸಿದರು. ಅಂಗೈ ಅಗಲದ ಪುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಬೀದಿಯ ಎಷ್ಟೋ ಮನೆಗಳಿಗೆ ಬುಟ್ಟಿಗಟ್ಟಲೆ ಬರುತ್ತಿತ್ತು, ಕೂಲಿ ಧಾರಾಳವಾಗಿತ್ತು. "ಇಷ್ಟು ಚಿಕ್ಕದು ಎಲ್ಲಿಗೆ ಸಾಹುಕಾರ್ರೇ?" ಎಂದು ಅವಳು ಒಮ್ಮೆ ಕೇಳಿದ್ದಳು. "ತೋಟಕ್ಕೆ ಔಷಧಿ ಹೊಡೆಯೋ ಯಂತ್ರ ಬಂದಿವೆಯಲ್ಲಮ್ಮ, ಮೇಲೆ ಹಾರ್ತವಲ್ಲ, ಅದಕ್ಕೆ" ಅಂದಿದ್ದರು. ಅವಳು ತಲೆಯಾಡಿಸಿದಳು. ಹಗಲೆಲ್ಲ ಅತ್ತಿಗೆ ಜನರೇಟರು ಸುತ್ತಿದರೆ, ನಾದಿನಿ ಪುಟ್ಟ ಮೋಟಾರು ಸುತ್ತುತ್ತಿದ್ದಳು. ಸಂಜೆ ಅತ್ತಿಗೆಯೂ ಅದಕ್ಕೇ ಕೈ ಹಾಕುತ್ತಿದ್ದಳು. ಎರಡಕ್ಕೂ ಅದೇ ದಾರ. ಅದೇ ಗಂಟು. ಗಂಟು ಹಾಕಬೇಕೋ ಬೇಡವೋ ಎಂದು ಯಾರೂ ಯೋಚಿಸಿರಲಿಲ್ಲ. ಕೈ ತಾನೇ ಹಾಕುತ್ತಿತ್ತು.

ಯುದ್ಧ ಎರಡನೆಯ ಚಳಿಗಾಲಕ್ಕೆ ಕಾಲಿಟ್ಟಿತು. ಊರಿನ ಉತ್ಸಾಹ ಇಳಿಯಿತು. ಕಿಟಕಿಗೆ ಅಂಟಿಸಿದ್ದ ಆಚೆಯ ದೇಶದ ಬಾವುಟಗಳು ಬಿಸಿಲಿಗೆ ಬಿಳುಚಿದವು. "ಎಷ್ಟು ದಿನ ಅಂತ ಮಾಡೋದು? ಅವರೂ ಸ್ವಲ್ಪ ಬಗ್ಗಬಾರದೇ?" ಎಂದು ಜನ ಕೇಳತೊಡಗಿದರು. "ಬಗ್ಗಿದೋರ ಬೆನ್ನ ಮೇಲೆ ಏನು ಹೂವು ಇಡ್ತಾರಾ?" ಎಂದು ತಂತಿಯಕ್ಕ ಕೇಳಿದರೆ ಮಾತು ಬದಲಿಸುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ವ್ಯಾನಣ್ಣ ಬಂದ. ಯಾವಾಗಲೂ ಬಾಗಿಲಲ್ಲೇ "ಟೀ ಇದೆಯಾ, ಇಲ್ಲಾ ವಾರ್ನಿಷ್ಷೇ ಕುಡೀಲಾ?" ಎಂದು ಕೂಗುವವನು, ಅಂದು ಸುಮ್ಮನೆ ಒಳಗೆ ಬಂದು ಒಂದು ಕಪ್ಪಾದ ಕಬ್ಬಿಣದ ಮುದ್ದೆಯನ್ನು ನೆಲದ ಮೇಲಿಟ್ಟ. ಹೆರಿಗೆ ಆಸ್ಪತ್ರೆಯ ಜನರೇಟರು.

"ನಿನ್ನ ಮಗು ಹೋಯ್ತು ತಂಗಿ" ಅಂದ. "ಹಿಂದಿನ ಅಂಗಳದಲ್ಲಿತ್ತಲ್ಲ, ಅಲ್ಲಿಗೇ ಬಂದು ಬಿತ್ತು. ಎಣ್ಣೆ ಹಾಕ್ತಿದ್ದ ಕಾವಲುಗಾರ ಹೋದ. ಒಳಗೆ ಕತ್ತಲಾಗಿ, ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟಿದ್ದ ಕೂಸುಗಳಲ್ಲಿ ಒಂದು ಉಳೀಲಿಲ್ಲ."

ವ್ಯಾನಣ್ಣ ಜೇಬಿಗೆ ಕೈ ಹಾಕಿ ಇನ್ನೊಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟ. "ಕೊಂದೋನನ್ನೂ ತಂದಿದೀನಿ ನೋಡು. ಹಾರಿಬಂದು ಸಿಡಿಯೋ ಯಂತ್ರ. ಅದರದೊಂದು ಮೋಟಾರು ಕಿತ್ತು ದೂರ ಬಿದ್ದಿತ್ತು. ಇಷ್ಟೇ ಇಷ್ಟು."

ಅಂಗೈ ಅಗಲದ ಮೋಟಾರು. ತಂತಿಯಕ್ಕ ಅಭ್ಯಾಸಬಲದಿಂದ ಅದನ್ನು ಮೂಗಿನ ಹತ್ತಿರ ತಂದಳು. ಸಿಡಿಮದ್ದಿನ ವಾಸನೆಯ ಅಡಿಯಲ್ಲಿ ಅವಳ ಮನೆಯ ವಾರ್ನಿಷ್ ವಾಸನೆ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ತಂತಿಯ ತುದಿಯಲ್ಲಿ, ಮಸಿ ಮೆತ್ತಿಕೊಂಡು, ಮೀನು ಮಲಗಿತ್ತು.

ಅವಳು ಅದನ್ನು ಕೆಳಗಿಟ್ಟು, ಸುಟ್ಟ ಜನರೇಟರಿನ ಮುಚ್ಚಳ ಬಿಚ್ಚಿದಳು. ಅಲ್ಲಿಯೂ ಮೀನು. ನಾದಿನಿ ಎದ್ದು ಬಂದು ಎರಡನ್ನೂ ನೋಡಿದಳು.

"ಅತ್ತಿಗೆ, ಇದು ನಾನು ಹಾಕಿದ್ದೋ ನೀವು ಹಾಕಿದ್ದೋ?"

"ಅದರಿಂದ ಆಗೋದೇನು?" ಎಂದಳು ತಂತಿಯಕ್ಕ.

ಸಾಹುಕಾರರು ಗೋದಾಮಿನಲ್ಲೇ ಇದ್ದರು. ಅವಳು ಮೋಟಾರನ್ನು ಅವರ ಮುಂದಿಟ್ಟಳು. ಅವರು ಬೆಚ್ಚಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಹಳೆಯ ಗೆಳೆಯನ ಫೋಟೊ ನೋಡುವಂತೆ ನೋಡಿದರು.

"ನಾನು ಮಾರಿದ್ದು ಒಬ್ಬ ವ್ಯಾಪಾರಿಗೆ ತಾಯಿ. ಅವನು ಇನ್ನೊಬ್ಬನಿಗೆ ಮಾರಿದ. ಆಮೇಲೆ ಅದು ಯಾರ ಮನೆ ಹೊಕ್ತು ಅಂತ ನಾನು ಹಿಂದೆ ಓಡ್ಲಾ?"

"ಓಡೋದು ಬೇಡ. ಇನ್ಮೇಲೆ ಮಾರ್ಬೇಡಿ, ಅಷ್ಟೇ."

"ನಿಮ್ಮ ಜನರೇಟರಿಗೆ ತಾಮ್ರ ಕೊಟ್ಟೋರು ಯಾರು? ವ್ಯಾನಿಗೆ ಡೀಸೆಲ್ ಹಾಕ್ಸೋರು ಯಾರು? ಆ ವ್ಯಾಪಾರ ಇದೆ ಅಂತ ಈ ಧರ್ಮ ನಡೀತಿದೆ."

"ಒಂದು ಕೈಲಿ ದೀಪ ಕೊಟ್ಟು ಇನ್ನೊಂದು ಕೈಲಿ ಆರಿಸೋದಕ್ಕೆ ಧರ್ಮ ಅಂತೀರಾ? ಸಮಿತಿ ಮುಂದೆ ಹೇಳ್ತೀನಿ."

ಸಾಹುಕಾರರ ದನಿ ಇನ್ನಷ್ಟು ಮೆದುವಾಯಿತು. "ಹೇಳಿ. ಆದ್ರೆ ಇದರ ಮೇಲೆ ನನ್ನ ಹೆಸರೆಲ್ಲಿದೆ? ಇರೋದು ನಿಮ್ಮ ಗಂಟು. ಕೂಸನ್ನು ಕೊಂದೋಳು ಇವಳೇ ಅಂತ ಬೀದಿ ಮಾತಾಡುತ್ತೆ. ಯೋಚನೆ ಮಾಡಿ."

ಮನೆಯಲ್ಲಿ ಗಂಡ, ಜೀವಮಾನದಲ್ಲಿ ಮೊದಲ ಸಲ, ಮಾತು ಬೇಡ ಅಂದ. "ಸುಮ್ನಿರೇ. ಈ ಬೀದೀಲಿ ಎಷ್ಟು ಮನೆ ಆ ಬುಟ್ಟಿಯಿಂದ ಉಣ್ತಿವೆ ಗೊತ್ತಾ?"

"ಉಣ್ಣೋ ಮನೆಗಳು ಗೊತ್ತು. ಈಗ ಸೇತುವೆ ಆಚೆ ಉಣ್ಣದ ಮನೆಯೂ ಒಂದು ಗೊತ್ತಾಯ್ತಲ್ಲ" ಅಂದಳು ಅವಳು.

ಭಾನುವಾರದ ಸಭೆಯಲ್ಲಿ ತಂತಿಯಕ್ಕ ಎದ್ದು ನಿಂತು, ಎರಡು ಗಂಟನ್ನೂ ತೋರಿಸಿದಳು. ಇದು ತನ್ನ ಕೈಕೆಲಸವೆಂದು ಮೊದಲು ಹೇಳಿದಳು, ಸಾಹುಕಾರರ ಹೆಸರನ್ನು ಆಮೇಲೆ. ಸಾಲು ಕುರ್ಚಿಗಳಲ್ಲಿ ಕೂತವರು ಸಾಹುಕಾರರ ಮುಖ ನೋಡಿದರು. ಅವರು ಬೇಸರದಿಂದ ತಲೆಯಾಡಿಸಿದರು. ಯಾರೋ ಒಬ್ಬರು "ಇದು ದೊಡ್ಡ ದೇಶದವರ ಪಿತೂರಿ, ನಮ್ಮಲ್ಲೇ ಒಡಕು ತರೋಕೆ" ಅಂದರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಪಿತೂರಿ ಎಂಬುದು ಎಷ್ಟು ಅನುಕೂಲದ ಮಾತು! ಅದರ ಮೇಲೆ ಯಾರು ಬೇಕಾದರೂ ಕಾಲು ಚಾಚಿ ಕೂರಬಹುದು. ಪರಿಶೀಲಿಸೋಣ ಎಂದು ತೀರ್ಮಾನವಾಯಿತು. ಮುಂದಿನ ವಿಷಯಕ್ಕೆ ಹೋದರು: ಹೊಸ ಬ್ಯಾನರು.

ಪರಿಶೀಲನೆ ನಡೆಯಲಿಲ್ಲ. ಆದರೆ ಬದಲಾವಣೆ ಆಯಿತು. ಪುಟ್ಟ ಮೋಟಾರಿನ ಬುಟ್ಟಿಗಳು ಈ ಬೀದಿಗೆ ಬರುವುದು ನಿಂತು, ಸಾಹುಕಾರರ ಗೋದಾಮಿನ ಹಿಂದಿನ ಶೆಡ್ಡಿಗೆ ಹೋದವು. ಅಲ್ಲಿ ಸುತ್ತುವವರಿಗೆ ಒಂದೇ ಕಟ್ಟಪ್ಪಣೆ: ಸಾದಾ ಗಂಟು ಹಾಕಬೇಕು, ಬೇರೆ ಯಾವುದೂ ಕೂಡದು. ಕೆಲಸ ಹೋದ ಮನೆಯವರು ತಂತಿಯಕ್ಕನ ಕಡೆ ನೋಡುವುದನ್ನು ಬಿಟ್ಟರು. ಕೆಲವರು ಅವಳ ಬಾಗಿಲ ಮುಂದೆ ನಿಂತು "ಕೊಲೆಗಾರ್ತಿ" ಎಂದೂ, ಕೆಲವರು "ನಮ್ಮ ಹೊಟ್ಟೆ ಮೇಲೆ ಹೊಡೆದೋಳು" ಎಂದೂ ಬೈದರು. ಎರಡನ್ನೂ ಒಂದೇ ಉಸಿರಿನಲ್ಲಿ ಬೈದವರೂ ಇದ್ದರು.

ಸಮಿತಿಯ ಡೀಸೆಲ್ ನಿಂತಿತು. ವ್ಯಾನಣ್ಣ ತನ್ನದೇ ಖರ್ಚಿನಲ್ಲಿ ಓಡಿಸತೊಡಗಿದ. ಒಂದು ಸಲ ಅವನು ಹೊರಡುವಾಗ ತಂತಿಯಕ್ಕ ಅಂದಳು: "ಆ ನರ್ಸಿಗೆ ಎಲ್ಲಾ ಹೇಳಣ್ಣ. ನನ್ನ ಕೈದೇ ಅಂತಲೂ ಹೇಳು. ಬೇಡ ಅಂದ್ರೆ ಜನರೇಟರು ವಾಪಸ್ ತಾ."

ಅವನು ಖಾಲಿ ವ್ಯಾನಿನೊಂದಿಗೆ ಮರಳಿದ. ನರ್ಸು ಮೊದಲು ಜನರೇಟರನ್ನು ಒಳಗೆ ಇಳಿಸಿಕೊಂಡಳಂತೆ. ಆಮೇಲೆ ಹೇಳಿದಳಂತೆ: "ಕ್ಷಮಿಸೋದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಅದನ್ನ ಆ ಕೂಸಿನ ತಾಯಿ ಹತ್ರ ಕೇಳ್ಬೇಕು, ನಾನು ಕೇಳೋಕೆ ಹೋಗಲ್ಲ. ಜನರೇಟರು ಮಾತ್ರ ಕಳಿಸ್ತಿರಲಿ. ನಾವಂತೂ ಬಗ್ಗೋದಿಲ್ಲ, ಕತ್ತಲಲ್ಲಿ ಹೆರಿಗೆ ಮಾಡ್ಸೋದು ಕಷ್ಟ."

ತಂತಿಯಕ್ಕ ಅಷ್ಟೂ ಕೇಳಿ, ಮುಂದಿನ ಜನರೇಟರಿನ ತಂತಿ ಬಿಚ್ಚತೊಡಗಿದಳು.

ಅದಾಗಿ ಕೆಲವು ವಾರಕ್ಕೆ ನಾದಿನಿ ಶೆಡ್ಡಿನ ಕೆಲಸಕ್ಕೆ ಸೇರಿದಳು. ಮೊದಲು ಹೇಳಲಿಲ್ಲ, ಸೀರೆಯ ಸೆರಗಿಗೆ ಅಂಟಿದ ತಾಮ್ರದ ಚೂರು ಹೇಳಿತು. ಗಂಡ ಪೇಪರಿನ ಹಿಂದೆ ಮುಖ ಮರೆಸಿದ. ನಾದಿನಿ ತಂದ ದಿನಸಿಯಲ್ಲೇ ಮನೆ ನಡೆಯಿತು. ತಂತಿಯಕ್ಕನಿಗೂ ಹೊಟ್ಟೆಯಿತ್ತು. ತಟ್ಟೆಯ ಮುಂದೆ ಕೂತಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ವ್ಯಾನಣ್ಣ ಮತ್ತೊಂದು ಪುಟ್ಟ ಮೋಟಾರು ತಂದ. ಈ ಸಲ ಶಾಲೆಯೊಂದರ ಮೇಲೆ ಬಿದ್ದದ್ದು. ತಂತಿಯಕ್ಕ ಅದನ್ನು ಮೂಸಿದಳು, ಬೆಳಕಿಗೆ ಹಿಡಿದಳು. ತಂತಿಗಳು ಒಂದರ ಪಕ್ಕ ಒಂದು ಒತ್ತಾಗಿ, ಎಡಗೈಯವರು ಎಳೆದ ಹಾಗೆ ತುಸು ಬಲಕ್ಕೆ ವಾಲಿ ಮಲಗಿದ್ದವು. ಈ ಊರಲ್ಲಿ ಎಡಗೈಯಲ್ಲಿ ತಂತಿ ಎಳೆಯುವವಳು ಒಬ್ಬಳೇ. ಬಿಗಿ ತಪ್ಪಿದಾಗಲೆಲ್ಲ ಆ ಎಡಗೈಯನ್ನು ಹಿಡಿದು ತಿದ್ದಿದವಳು ತಂತಿಯಕ್ಕ. ತುದಿಯಲ್ಲಿ ಮಾತ್ರ, ಯಾರು ಬೇಕಾದರೂ ಹಾಕಬಹುದಾದ ಸಾದಾ ಗಂಟು.

ಸಂಜೆ ನಾದಿನಿ ಬಂದಾಗ ಮೋಟಾರು ಮೇಜಿನ ಮೇಲೇ ಇತ್ತು. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು, ಹತ್ತಿರ ಬಂದು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅದನ್ನು ಎಡಗೈಯಿಂದಲೇ ಆಚೆ ಸರಿಸಿ, ಮೇಜು ಒರೆಸಲು ಬಟ್ಟೆ ಎತ್ತಿಕೊಂಡಳು.

"ನಮ್ಮದಲ್ಲ ಬಿಡಿ ಅತ್ತಿಗೆ" ಅಂದಳು. "ಗಂಟಿಲ್ಲವಲ್ಲ."